ಫಲ್ಕಾವೋ ಮಂಡಿ, ಪೆಕರ್ಮನ್ ಲಿಸ್ಟು, 2014ರ ವರ್ಲ್ಡ್ ಕಪ್: ಒಂದು ಪ್ರಕರಣ ಅಧ್ಯಯನ

2014ರ ಜನವರಿ 22, ಫ್ರಾನ್ಸಿನ ಲಿಯೋನ್ ಊರಿನ ಜೆರ್ಲಾಂ ಸ್ಟೇಡಿಯಂ. ಫ್ರೆಂಚ್ ಕಪ್ ಮ್ಯಾಚು, ಒಂದು ಕಡೆ ದುಡ್ಡಿನ ಹೊಳೆ ಹರೀತಿದ್ದ ಮೊನಾಕೋ ಕ್ಲಬ್ಬು, ಇನ್ನೊಂದು ಕಡೆ ಮೋಂ ದೋರ್ ಅಜೆರ್ಗ್ ಅನ್ನೋ ನಾಲ್ಕನೇ ಡಿವಿಷನ್ನಿನ ಟೀಮು, ಹಗಲು ಬೇರೆ ಕೆಲಸ ಮಾಡ್ಕೊಂಡು ಸಂಜೆ ಫುಟ್ಬಾಲ್ ಆಡೋರೂ ಇದ್ದ ಟೀಮು ಅದು. ಮೊನಾಕೋ ಪರ ಕೊಲಂಬಿಯಾದ ಸ್ಟ್ರೈಕರ್ ರಡಮೆಲ್ ಫಲ್ಕಾವೋ ಆಗಲೇ ಒಂದು ಗೋಲ್ ಹೊಡೆದಿದ್ದ. ಹಾಫ್ ಟೈಮ್‌ಗೆ ಇನ್ನೂ ಸ್ವಲ್ಪ ಹೊತ್ತಿದೆ ಅನ್ನೋವಾಗ ಬಾಕ್ಸ್ ಒಳಗೆ ನುಗ್ಗಿದ, ಡಿಫೆಂಡರ್ ಹಿಂದಿಂದ ಟ್ಯಾಕಲ್‌ಗೆ ಬಂದ, ಇಬ್ರೂ ಬಿದ್ರು, ಫಲ್ಕಾವೋ ಮಾತ್ರ ಏಳಲಿಲ್ಲ. ಎಡ ಮಂಡಿಯ ಎಸಿಎಲ್, ಅಂದ್ರೆ ಮಂಡಿ ಒಳಗೆ ಮೂಳೆಗಳನ್ನ ಹಿಡಿದಿಡೋ ಲಿಗಮೆಂಟ್, ಹರಿದುಹೋಗಿತ್ತು. ಮೊನಾಕೋ ಆ ಮ್ಯಾಚನ್ನ 3-0 ಗೆದ್ದದ್ದು ಯಾರಿಗೂ ನೆನಪಿಲ್ಲ.

ಬ್ರೆಜಿಲ್‌ನಲ್ಲಿ ಕೊಲಂಬಿಯಾದ ಮೊದಲ ವರ್ಲ್ಡ್ ಕಪ್ ಮ್ಯಾಚು ಜೂನ್ 14ಕ್ಕೆ. ಅಂದ್ರೆ ಆವತ್ತಿಂದ ಸರಿಯಾಗಿ 143 ದಿನ.

ಈ 143 ದಿನದಲ್ಲಿ ಏನಾಯ್ತು, ಯಾರು ಯಾವ ತೀರ್ಮಾನ ತಗೊಂಡ್ರು, ಅದಾದ ಮೇಲಿನ ಎರಡು ವರ್ಷ ಅವನ ಕರಿಯರ್ ಯಾಕೆ ಹಂಗಾಯ್ತು ಅನ್ನೋದೇ ಇಲ್ಲಿನ ವಿಷಯ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಕೊಲಂಬಿಯಾ ಕೋಚ್ ಹೋಸೆ ಪೆಕರ್ಮನ್ ಜೂನ್ 2ಕ್ಕೆ ಅವನನ್ನ ವರ್ಲ್ಡ್ ಕಪ್ ಲಿಸ್ಟಿಂದ ಕೈಬಿಟ್ಟದ್ದು ಸರಿ. ತಪ್ಪಾಗಿದ್ದು ಅದಾಗಿ ಮೂರು ತಿಂಗಳಿಗೆ, ಸೆಪ್ಟೆಂಬರ್ 1ಕ್ಕೆ, ಮಾಂಚೆಸ್ಟರ್ ಯುನೈಟೆಡ್‌ಗೆ ಹೋದಾಗ. ಜನ ಮೊದಲನೇದನ್ನ ದುರಂತ ಅಂತ ಮಾತಾಡ್ತಾರೆ, ಎರಡನೇದನ್ನ ಬರೀ "ಫ್ಲಾಪ್ ಆದ" ಅಂತ ಒಂದೇ ಪದದಲ್ಲಿ ಮುಗಿಸ್ತಾರೆ, ಅದು ನ್ಯಾಯ ಅಲ್ಲ.

ಅಲ್ಲಿವರೆಗಿನ ದಾರಿ

ಹುಟ್ಟಿದ್ದು 1986ರ ಫೆಬ್ರವರಿ 10, ಕೊಲಂಬಿಯಾದ ಕೆರಿಬಿಯನ್ ತೀರದ ಸಾಂತಾ ಮಾರ್ತಾದಲ್ಲಿ. ಕೊಲಂಬಿಯಾದ ಹಳೇ ಆಟಗಾರ ವಾಲ್ಡೆರಾಮಾ ಕೂಡ ಅದೇ ಊರಿನವನು, ಆ ದೊಡ್ಡ ಹಳದಿ ಕೂದಲಿನವನು, 90ರ ದಶಕದಲ್ಲಿ ಫುಟ್ಬಾಲ್ ನೋಡ್ತಿದ್ದೋರಿಗೆ ಹೇಳೋದೇ ಬೇಡ. ಫಲ್ಕಾವೋ ಅಪ್ಪನೂ ಪ್ರೊಫೆಷನಲ್ ಆಟಗಾರ, ಡಿಫೆಂಡರ್, ಹೆಸರು ರಡಮೆಲ್ ಗಾರ್ಸಿಯಾ. ಬ್ರೆಜಿಲ್‌ನ ಮಿಡ್‌ಫೀಲ್ಡರ್ ಫಲ್ಕಾವೋ ಅಂದ್ರೆ ಅಪ್ಪನಿಗೆ ಪ್ರಾಣ, ಆ ಹೆಸರನ್ನೇ ಮಗನಿಗೆ ಇಟ್ರು. 1999ರಲ್ಲಿ, ಇನ್ನೂ 13 ವರ್ಷದ ಹುಡುಗ, ಲಾನ್ಸೆರೋಸ್ ಬೊಯಾಕಾ ಅನ್ನೋ ಕ್ಲಬ್ ಪರ ಕೊಲಂಬಿಯಾದ ಸೆಕೆಂಡ್ ಡಿವಿಷನ್‌ನಲ್ಲಿ ಮೀಸೆ ಬಂದ ಗಂಡಸರ ಜೊತೆ ಆಡಿಬಿಟ್ಟ. 15ಕ್ಕೆ ಮನೆ ಬಿಟ್ಟು ಅರ್ಜೆಂಟೀನಾದ ರಿವರ್ ಪ್ಲೇಟ್ ಅಕಾಡೆಮಿ ಸೇರಿದ.

ಇಲ್ಲಿ ಒಂದು ವಿಷಯ ತುಂಬಾ ಮುಖ್ಯ, ಬಹಳ ಜನ ಇದನ್ನ ಬಿಟ್ಟುಬಿಡ್ತಾರೆ. 2005ರಲ್ಲಿ ರಿವರ್ ಸೀನಿಯರ್ ಟೀಮಲ್ಲಿ ಏಳು ಮ್ಯಾಚಿಗೆ ಏಳು ಗೋಲ್ ಹೊಡೆದು ಎಲ್ಲರ ಬಾಯಲ್ಲೂ ಹೆಸರು ಬಂದ ಹೊತ್ತಿಗೇ ಬಲ ಮಂಡಿ ಕೈಕೊಡ್ತು, ಸುಧಾರಿಸಿಕೊಂಡು ಬಂದ ಅನ್ನೋಷ್ಟರಲ್ಲಿ 2006ರ ಶುರುವಲ್ಲಿ ಮತ್ತೆ ಅದೇ ಮಂಡಿ ಲಿಗಮೆಂಟ್ ಹೋಯ್ತು, ಹೆಚ್ಚುಕಡಿಮೆ ಒಂದು ವರ್ಷ ಗ್ರೌಂಡಿಂದ ಹೊರಗೆ. 20 ವರ್ಷಕ್ಕೇ ಮಂಡಿ ಸರ್ಜರಿ ಅಂದ್ರೆ ಏನು, ರಿಹ್ಯಾಬ್ ಅಂದ್ರೆ ಏನು ಅಂತ ಮೈಯಲ್ಲೇ ಕಲಿತವನು ಅವನು. ಬ್ಯೂನಸ್ ಐರಿಸ್‌ನಲ್ಲಿ ಇದ್ದಾಗಲೇ ಜರ್ನಲಿಸಂ ಕೂಡ ಓದಿದ. 2008ರಲ್ಲಿ ಡಿಯಾಗೋ ಸಿಮಿಯೋನೆ ಕೋಚ್ ಆಗಿದ್ದಾಗ ರಿವರ್ ಜೊತೆ ಲೀಗ್ ಗೆದ್ದ, 2009ಕ್ಕೆ ಪೋರ್ಚುಗಲ್‌ನ ಪೋರ್ತೋ.

ಆಮೇಲಿನ ನಾಲ್ಕು ವರ್ಷ ಅವನ ಆಟ ನೋಡಿದೋರೇ ಪುಣ್ಯವಂತರು. 2010-11ರ ಯುರೋಪಾ ಲೀಗಲ್ಲಿ (ಚಾಂಪಿಯನ್ಸ್ ಲೀಗ್ ನಂತರದ, ಯೂರೋಪಿನ ಎರಡನೇ ಕ್ಲಬ್ ಟೂರ್ನಿ) 17 ಗೋಲ್, ಅದು ಆ ಟೂರ್ನಮೆಂಟಿನ ದಾಖಲೆ, ಸೆಮಿಫೈನಲ್‌ನಲ್ಲಿ ವಿಯ್ಯಾರಿಯಲ್ ಮೇಲೆ ಒಂದೇ ಮ್ಯಾಚಲ್ಲಿ ನಾಲ್ಕು, ಡಬ್ಲಿನ್ ಫೈನಲ್‌ನಲ್ಲಿ ಬ್ರಾಗಾ ಮೇಲೆ ಬಂದ ಒಂದೇ ಒಂದು ಗೋಲೂ ಇವನದೇ ಹೆಡರ್. 40 ಮಿಲಿಯನ್ ಯೂರೋಗೆ ಅಟ್ಲೆಟಿಕೋ ಮ್ಯಾಡ್ರಿಡ್ ತಗೊಳ್ತು, ಅಲ್ಲಿ ಮತ್ತೆ ಸಿಮಿಯೋನೆ ಸಿಕ್ಕಿದ್ರು. 2012ರ ಯುರೋಪಾ ಲೀಗಿನ ಬುಕಾರೆಸ್ಟ್ ಫೈನಲ್‌ನಲ್ಲಿ ಅಥ್ಲೆಟಿಕ್ ಬಿಲ್ಬಾವ್ ಮೇಲೆ ಏಳನೇ ನಿಮಿಷದ ಆ ಗೋಲು, ಬಲಗಡೆಯಿಂದ ಒಳಗೆ ತಿರುಗಿ ಎಡಗಾಲಲ್ಲಿ ದೂರದ ಮೂಲೆಗೆ ಬಾಗಿಸಿ ಹೊಡೆದದ್ದು, ಅದನ್ನ ಎಷ್ಟು ಸಲ ನೋಡಿದ್ರೂ ಸಾಕಾಗಲ್ಲ. ಆ ಆಗಸ್ಟಲ್ಲಿ ಯೂರೋಪಿಯನ್ ಸೂಪರ್ ಕಪ್, ಎದುರಿಗೆ ಚಾಂಪಿಯನ್ಸ್ ಲೀಗ್ ಗೆದ್ದಿದ್ದ ಚೆಲ್ಸಿ, ಹಾಫ್ ಟೈಮ್ ಆಗೋಷ್ಟರಲ್ಲಿ ಫಲ್ಕಾವೋ ಹ್ಯಾಟ್ರಿಕ್, ಕೊನೆಗೆ 4-1. ಡಿಸೆಂಬರಲ್ಲಿ ಡಿಪೋರ್ತಿವೋ ಮೇಲೆ ಒಬ್ಬನೇ ಐದು. ಮೆಸ್ಸಿ ರೊನಾಲ್ಡೋ ಇಬ್ಬರ ಕಾಲದಲ್ಲಿ "ಪ್ಯೂರ್ ನಂಬರ್ 9", ಅಂದ್ರೆ ಗೋಲ್ ಮುಂದೆ ನಿಂತು ಗೋಲ್ ಹೊಡೆಯೋದೇ ಕೆಲಸ ಆದ ಅಪ್ಪಟ ಸ್ಟ್ರೈಕರ್, ಯಾರು ಅಂತ ಕೇಳಿದ್ರೆ ಆಗ ಇವನ ಹೆಸರೇ ಮೊದಲು ಬರ್ತಿತ್ತು.

ಅವನ ಆಟದ ಗುಟ್ಟು ಏನು ಅನ್ನೋದು ಈ ಕೇಸಿಗೆ ಬೇಕು, ಅದಕ್ಕೆ ಸ್ವಲ್ಪ ನಿಂತು ಹೇಳ್ತೀನಿ. ಎತ್ತರ 1.77 ಮೀಟರ್, ಸ್ಟ್ರೈಕರ್‌ಗೆ ಏನೂ ಎತ್ತರ ಅಲ್ಲ. ಆದ್ರೂ ಹೆಡರ್‌ನಲ್ಲಿ ಆರಡಿ ಮೇಲಿನ ಡಿಫೆಂಡರ್‌ಗಳನ್ನ ಸೋಲಿಸ್ತಿದ್ದ, ಯಾಕಂದ್ರೆ ನಿಂತ ಜಾಗದಿಂದ ಎಗರೋ ಶಕ್ತಿ ಮತ್ತೆ ಟೈಮಿಂಗ್. ಬಾಕ್ಸ್ ಒಳಗೆ ಮೊದಲ ಎರಡು ಹೆಜ್ಜೆ ಒಂದು ಕಡೆಗೆ ಹಾಕಿ ಸರಕ್ಕಂತ ಇನ್ನೊಂದು ಕಡೆಗೆ ತಿರುಗೋನು, ಡಿಫೆಂಡರ್ ತೂಕ ತಪ್ಪೋ ಆ ಅರ್ಧ ಸೆಕೆಂಡಲ್ಲಿ ಬಾಲ್ ನೆಟ್ ಒಳಗೆ. ಜಿಗಿತ, ಗಕ್ಕನೆ ಬ್ರೇಕು, ತಿರುವು. ಈ ಮೂರೂ ನಿಂತಿರೋದು ಮಂಡಿ ಒಳಗಿನ ಎಸಿಎಲ್ ಮೇಲೇನೇ. ದೂರದಿಂದ ಪಾಸ್ ಕೊಡೋ ಮಿಡ್‌ಫೀಲ್ಡರ್‌ಗೆ ಮಂಡಿ ಶೇಕಡಾ ಹತ್ತು ಕಮ್ಮಿ ಆದ್ರೆ ಹೆಂಗೋ ನಡೆಯತ್ತೆ, ಫಲ್ಕಾವೋ ತರದವನಿಗೆ ನಡೆಯಲ್ಲ.

2013ರ ಮೇ ಕೊನೆಗೆ ಮೊನಾಕೋ ಸೇರಿದ, ಸುಮಾರು 60 ಮಿಲಿಯನ್ ಯೂರೋ ಅಂತ ಆಗ ಪೇಪರಲ್ಲಿ ಬಂದಿತ್ತು. ಮೊನಾಕೋ ಆಗಷ್ಟೇ ಸೆಕೆಂಡ್ ಡಿವಿಷನ್ನಿಂದ ಮೇಲೆ ಬಂದ ಟೀಮು, ಚಾಂಪಿಯನ್ಸ್ ಲೀಗ್ ಇಲ್ಲ. ಇವನು ಬಿಟ್ಟುಬಂದ ಅಟ್ಲೆಟಿಕೋ ಮುಂದಿನ ಸೀಸನ್ನಲ್ಲೇ ಸ್ಪೇನ್ ಲೀಗ್ ಗೆದ್ದು ಚಾಂಪಿಯನ್ಸ್ ಲೀಗ್ ಫೈನಲ್ ಆಡ್ತು. ಮನಸ್ಸಿಗೆ ಬೇಜಾರಾಗತ್ತೆ, ಆದ್ರೆ ಅದು ಬೇರೆ ಕಥೆ.

ಬರಾಂಕಿಯಾ, ಹದಿನಾರು ವರ್ಷದ ಕಾಯುವಿಕೆ

ಕೊಲಂಬಿಯಾ 1998 ಆದ್ಮೇಲೆ ವರ್ಲ್ಡ್ ಕಪ್ ಆಡಿರಲೇ ಇಲ್ಲ. 2002, 2006, 2010, ಮೂರು ಸಲ ಮನೆಯಲ್ಲೇ ಕೂತು ಟಿವಿ ನೋಡಿದ ದೇಶ. 2012ರ ಜನವರಿಯಲ್ಲಿ ಅರ್ಜೆಂಟೀನಾದ ಪೆಕರ್ಮನ್ ಕೋಚ್ ಆಗಿ ಬಂದ್ರು, ಯೂತ್ ಟೀಮುಗಳನ್ನ ಬೆಳೆಸಿದ ಹಿರಿಯರು, ಗಲಾಟೆ ಇಲ್ಲದ ಮನುಷ್ಯ. ಕ್ವಾಲಿಫೈಯಿಂಗ್‌ನಲ್ಲಿ ಫಲ್ಕಾವೋ 9 ಗೋಲ್, ಕೊಲಂಬಿಯಾ ಅರ್ಜೆಂಟೀನಾದ ಹಿಂದೆ ಎರಡನೇ ಸ್ಥಾನ.

ಟಿಕೆಟ್ ಖಾತ್ರಿ ಆಗಿದ್ದು 2013ರ ಅಕ್ಟೋಬರ್ 11ಕ್ಕೆ ಬರಾಂಕಿಯಾದಲ್ಲಿ, ಚಿಲಿ ಎದುರು. ಬರಾಂಕಿಯಾ ಅಂದ್ರೆ ಕರಾವಳಿ ಸೆಕೆ, ಮಧ್ಯಾಹ್ನದ ಬಿಸಿಲಲ್ಲಿ ಹೊರಗಿಂದ ಬಂದ ಟೀಮುಗಳು ಬೆವರಲ್ಲೇ ಅರ್ಧ ಸೋತುಬಿಡ್ತಾವೆ ಅಂತ ಬೇಕಂತ್ಲೇ ಅಲ್ಲಿ ಆಡಿಸ್ತಾರೆ. ಆವತ್ತು ಉಲ್ಟಾ ಆಯ್ತು. ಹಾಫ್ ಟೈಮ್‌ಗೆ ಚಿಲಿ 3, ಕೊಲಂಬಿಯಾ 0. ಸ್ಟೇಡಿಯಂ ಸುಮ್ಮನಾಗಿಹೋಯ್ತು. ಆಮೇಲೆ 69ನೇ ನಿಮಿಷ ತೆಯೋ ಗುಟಿಯೆರೆಸ್ ಒಂದು, 75ಕ್ಕೆ ಫಲ್ಕಾವೋ ಪೆನಾಲ್ಟಿ, 84ಕ್ಕೆ ಮತ್ತೆ ಫಲ್ಕಾವೋ ಪೆನಾಲ್ಟಿ. 3-3. ಒಂದು ಡ್ರಾ ಸಾಕಿತ್ತು. ಇಡೀ ದೇಶದ ಹದಿನಾರು ವರ್ಷ ಹೆಗಲ ಮೇಲಿರುವಾಗ ಒಂಬತ್ತು ನಿಮಿಷದ ಅಂತರದಲ್ಲಿ ಎರಡು ಪೆನಾಲ್ಟಿ ಹಾಕೋದು ಸುಮ್ಮನೆ ಅಲ್ಲ. ಅದಕ್ಕೇ ಮೂರು ತಿಂಗಳ ನಂತರ ಲಿಯೋನ್‌ನಲ್ಲಿ ಅವನು ಬಿದ್ದಾಗ ಕೊಲಂಬಿಯಾದಲ್ಲಿ ಅದು ಸ್ಪೋರ್ಟ್ಸ್ ಪೇಜ್ ಸುದ್ದಿ ಆಗಿ ಉಳೀಲಿಲ್ಲ. ಟ್ಯಾಕಲ್ ಮಾಡಿದ ಆ ಹುಡುಗನಿಗೆ ಕೊಲೆ ಬೆದರಿಕೆಗಳು ಬಂದ್ವು, ಪಾಪ ಅವನು ಬೇಕಂತ ಮಾಡಿದ್ದೇ ಅಲ್ಲ. 1994ರಲ್ಲಿ ಆಂಡ್ರೆಸ್ ಎಸ್ಕೋಬಾರ್‌ಗೆ ಏನಾಯ್ತು ಅಂತ ಗೊತ್ತಿರೋ ದೇಶ ಇದು, ತಪ್ಪಿ ತನ್ನದೇ ಟೀಮಿನ ಗೋಲಿಗೆ ಬಾಲ್ ಹೊಡೆದು ವರ್ಲ್ಡ್ ಕಪ್ಪಿಂದ ವಾಪಸ್ ಬಂದವನನ್ನ ಮೆಡೆಯಿನ್‌ನಲ್ಲಿ ಗುಂಡಿಟ್ಟು ಕೊಂದಿದ್ರು. ಹಂಗಿರುವಾಗ ಈ ತರದ ಬೆದರಿಕೆ ನೋಡಿದ್ರೆ ಮೈ ಉರಿಯತ್ತೆ.

ಮಂಡಿ ಒಳಗೆ ನಡೆಯೋದು

ಸರ್ಜರಿ ಆಗಿದ್ದು ಜನವರಿ 25, ಪೋರ್ತೋದಲ್ಲಿ, ಡಾಕ್ಟರ್ ಹೋಸೆ ಕಾರ್ಲೋಸ್ ನೊರೋನ್ಯಾ. ದೇಶದ ಅಧ್ಯಕ್ಷ ಹುವಾನ್ ಮಾನುವೆಲ್ ಸಾಂತೋಸ್ ಖುದ್ದಾಗಿ ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದ್ರು. ಸರ್ಜರಿ ದಿನದಿಂದ ಮೊದಲ ಮ್ಯಾಚಿಗೆ 140 ದಿನ, ಅಂದ್ರೆ ಇಪ್ಪತ್ತು ವಾರ. ಆಗ ಎಲ್ಲರ ಬಾಯಲ್ಲೂ ಇದ್ದ ಲೆಕ್ಕ "ಆರು ತಿಂಗಳು". ಆ ಲೆಕ್ಕದಲ್ಲೇ ನೋಡಿದ್ರೂ ಜುಲೈ ಕೊನೆ ಆಗತ್ತೆ, ವರ್ಲ್ಡ್ ಕಪ್ ಫೈನಲ್ ಜುಲೈ 13ಕ್ಕೇ ಮುಗಿದಿರತ್ತೆ. ಅಂದ್ರೆ ಗಣಿತ ಮೊದಲ ದಿನವೇ ಉತ್ತರ ಹೇಳಿತ್ತು, ಕೇಳೋಕೆ ಯಾರಿಗೂ ಮನಸ್ಸಿರಲಿಲ್ಲ ಅಷ್ಟೇ.

ಹರಿದ ಎಸಿಎಲ್ ತಾನಾಗೇ ಕೂಡ್ಕೊಳ್ಳಲ್ಲ. ಆಟಗಾರರಿಗೆ ಸಾಮಾನ್ಯವಾಗಿ ಮಾಡೋದೇನಂದ್ರೆ ಅವರದೇ ಮೈಯಿಂದ, ಮಂಡಿ ಚಿಪ್ಪಿನ ಕೆಳಗಿಂದಲೋ ತೊಡೆ ಹಿಂದಿನಿಂದಲೋ, ಒಂದು ಎಳೆ ಸ್ನಾಯುರಜ್ಜು ತೆಗೆದು ಮೂಳೆಯಲ್ಲಿ ತೂತು ಕೊರೆದು ಹಳೇ ಲಿಗಮೆಂಟ್ ಜಾಗದಲ್ಲಿ ಕೂರಿಸೋದು. ಹಂಗೆ ಕೂರಿಸಿದ ಗ್ರಾಫ್ಟ್ ಮೊದಲ ದಿನ ಗಟ್ಟಿಯಾಗೇ ಇರತ್ತೆ, ಆಮೇಲೆ ಅದರೊಳಗಿನ ಹಳೇ ಜೀವಕೋಶಗಳು ಸತ್ತು ಹೊಸ ರಕ್ತನಾಳ ಬರಬೇಕು, ಹೊಸ ಕೋಶ ಬರಬೇಕು, ಆ ಕೆಲಸ ನಡೆಯೋ ಮೊದಲ ಕೆಲವು ತಿಂಗಳು ಅದು ತೀರಾ ಬಲಹೀನವಾಗಿರೋ ಕಾಲ. ಆದ್ರೆ ಅದೇ ಹೊತ್ತಿಗೆ ಊತ ಇಳಿದಿರತ್ತೆ, ನೋವು ಹೋಗಿರತ್ತೆ, ನಡೆಯೋದು ಜಾಗಿಂಗ್ ಎಲ್ಲ ಶುರು ಆಗಿರತ್ತೆ. ನಾಟಿ ಮಾಡಿದ ಅಡಿಕೆ ಸಸಿ ಮೇಲೆ ಹಸಿರಾಗಿ ಕಾಣ್ತಿದ್ರೂ ಬೇರು ಇನ್ನೂ ಮಣ್ಣು ಹಿಡಿದಿರಲ್ವಲ್ಲ, ಹಂಗೆ. ಇದರ ಜೊತೆ ತೊಡೆ ಮುಂಭಾಗದ ಸ್ನಾಯು ಕರಗಿರತ್ತೆ, ಅದು ಇನ್ನೊಂದು ಕಾಲಿನ ಸಮಕ್ಕೆ ಬರೋಕೆ ತಿಂಗಳುಗಟ್ಟಲೆ ಬೇಕು. ಅದಕ್ಕೂ ಮೇಲೆ, ಮಂಡಿ ಯಾವ ಕೋನದಲ್ಲಿದೆ ಅಂತ ಮೆದುಳಿಗೆ ಸುದ್ದಿ ಕಳಿಸೋ ನರಗಳೂ ಹಳೇ ಲಿಗಮೆಂಟ್ ಜೊತೆಗೇ ಹರಿದಿರ್ತಾವೆ, ಅದನ್ನ ಬರೀ ಸರ್ಜರಿ ವಾಪಸ್ ಕೊಡಲ್ಲ, ಸಾವಿರಾರು ಸಲ ಅದೇ ಅದೇ ಚಲನೆ ಮಾಡಿ ಮೆದುಳಿಗೆ ಮತ್ತೆ ಕಲಿಸಬೇಕು. ಈಗಿನ ಕ್ರೀಡಾ ವೈದ್ಯರು ಒಂಬತ್ತು ತಿಂಗಳಿಗೆ ಮುಂಚೆ ಮ್ಯಾಚ್ ಆಡೋದು ಬೇಡ ಅಂತ ಹೇಳೋದು ಇದಕ್ಕೇ. ಮಂಡಿ ತಡ್ಕೊಳ್ತು ಅನ್ನೋದು ಒಂದು, ಹಳೇ ವೇಗದಲ್ಲಿ ಆಡ್ತಾನೆ ಅನ್ನೋದು ಇನ್ನೊಂದು, ಅದಕ್ಕೆ ಒಂದೂವರೆ ಎರಡು ವರ್ಷ ಹಿಡಿದವರು ಬೇಕಾದಷ್ಟು ಜನ ಇದ್ದಾರೆ.

ಜೂನ್ 2

ಆದ್ರೂ ಆಸೆ ಬಿಡಲಿಲ್ಲ, ಯಾರೂ ಬಿಡಲಿಲ್ಲ. ಮೇ ತಿಂಗಳಲ್ಲಿ 30 ಜನರ ತಾತ್ಕಾಲಿಕ ಲಿಸ್ಟಲ್ಲಿ ಪೆಕರ್ಮನ್ ಅವನ ಹೆಸರು ಹಾಕಿದ್ರು. ಟೀಮು ಬ್ಯೂನಸ್ ಐರಿಸ್‌ನಲ್ಲಿ ಕ್ಯಾಂಪ್ ಹಾಕ್ತು, ಫಲ್ಕಾವೋ ಬಂದು ಟ್ರೇನಿಂಗ್ ಮಾಡ್ದ, ಕ್ಯಾಮೆರಾಗಳೆಲ್ಲ ಅವನ ಎಡಗಾಲಿನ ಮೇಲೇ. ಜೂನ್ 2 ಅಂತಿಮ 23ರ ಲಿಸ್ಟ್ ಕೊಡೋ ಕೊನೇ ದಿನ.

ಈಗ ಪೆಕರ್ಮನ್ ಜಾಗದಲ್ಲಿ ಕೂತು ಯೋಚನೆ ಮಾಡಿ. ಕರ್ಕೊಂಡು ಹೋಗೋಕೆ ದಾರಿ ಇರ್ಲಿಲ್ಲ ಅಂತಲ್ಲ. ರೂಲ್ ಪ್ರಕಾರ ಯಾರಾದ್ರೂ ತೀವ್ರವಾಗಿ ಗಾಯಗೊಂಡ್ರೆ ಮೊದಲ ಮ್ಯಾಚಿಗೆ 24 ಗಂಟೆ ಮುಂಚೆವರೆಗೂ ಬದಲಾಯಿಸಬಹುದು, ಹಂಗಾಗಿ ಹೆಸರು ಹಾಕಿ ಇನ್ನೂ ಹನ್ನೊಂದು ದಿನ ಕಾಯಬಹುದಿತ್ತು. ಗ್ರೂಪ್ ಮ್ಯಾಚುಗಳಲ್ಲಿ ಬೆಂಚಲ್ಲಿ ಕೂರಿಸಿ ನಾಕೌಟ್‌ನಲ್ಲಿ ಕೊನೇ ಇಪ್ಪತ್ತು ನಿಮಿಷ ಇಳಿಸಬಹುದಿತ್ತು. ಅಥವಾ ಏನೂ ಆಡಿಸದೇ ಇದ್ರೂ ಡ್ರೆಸ್ಸಿಂಗ್ ರೂಮಲ್ಲಿ ಇರ್ಲಿ, ಅಲ್ಲಿವರೆಗೆ ಟೀಮನ್ನ ಹೊತ್ತು ತಂದವನು ಅನ್ನೋ ಋಣ ಅಂತನಾದ್ರೂ ಕರ್ಕೊಂಡು ಹೋಗಬಹುದಿತ್ತು. ಈ ಕೊನೇದು ನನಗೂ ಎಳೆಯತ್ತೆ, ಸುಳ್ಳು ಹೇಳಲ್ಲ.

ಆದ್ರೆ ಇನ್ನೊಂದು ಕಡೆ ಯಾರಿದ್ರು ನೋಡಿ. ಜಾಕ್ಸನ್ ಮಾರ್ಟಿನೆಸ್, ಪೋರ್ತೋದಲ್ಲಿ ಫಲ್ಕಾವೋ ಜಾಗ ತುಂಬಿ ಆ ವರ್ಷವೂ ಪೋರ್ಚುಗಲ್ ಲೀಗಿನ ಟಾಪ್ ಸ್ಕೋರರ್. ಕಾರ್ಲೋಸ್ ಬಾಕ್ಕಾ, ಸೆವಿಯ್ಯಾ ಜೊತೆ ಯುರೋಪಾ ಲೀಗ್ ಗೆದ್ದು ಬಂದವನು. ಆಡ್ರಿಯಾನ್ ರಾಮೋಸ್, ಜರ್ಮನಿಯ ಹೆರ್ತಾ ಬರ್ಲಿನ್‌ಗೆ 16 ಲೀಗ್ ಗೋಲ್ ಹೊಡೆದವನು. ತೆಯೋ ಗುಟಿಯೆರೆಸ್, ರಿವರ್ ಜೊತೆ ಆಗಷ್ಟೇ ಲೀಗ್ ಗೆದ್ದವನು. ವಿಕ್ಟರ್ ಇಬಾರ್ಬೋ, ಇಟಲಿಯಲ್ಲಿ ಆಡ್ತಿದ್ದ ಓಟಗಾರ. ಐದೂ ಜನ ಪೂರ್ತಿ ಫಿಟ್ ಸೀಸನ್ ಮುಗಿಸಿ ಬಂದಿದ್ರು. ಇವರಲ್ಲಿ ಒಬ್ಬನನ್ನ ಮನೆಗೆ ಕಳಿಸಿ, ಜನವರಿಯಿಂದ ಒಂದೇ ಒಂದು ಮ್ಯಾಚೂ ಆಡದವನನ್ನ ಕರ್ಕೊಂಡು ಹೋಗೋದು ಹೆಂಗೆ? ಅದರ ಮೇಲೆ ಬ್ರೆಜಿಲ್‌ನ ಸೆಕೆ, ದೂರದ ವಿಮಾನ ಪ್ರಯಾಣ, ನಾಲ್ಕೈದು ದಿನಕ್ಕೊಂದು ಮ್ಯಾಚು.

ಪೆಕರ್ಮನ್ ಹೆಸರು ತೆಗೆದ್ರು. ಫಲ್ಕಾವೋ ಕೂಡ ತಾನು ಪೂರ್ತಿ ತಯಾರಿಲ್ಲ ಅನ್ನೋದನ್ನ ಮರೆಮಾಚಲಿಲ್ಲ, ಸಿಟ್ಟಲ್ಲಿ ಎದ್ದುಹೋಗಲಿಲ್ಲ, ಯಾರನ್ನೂ ಬೈಯಲಿಲ್ಲ. 28 ವರ್ಷ, ಸ್ಟ್ರೈಕರ್‌ಗೆ ಅದಕ್ಕಿಂತ ಒಳ್ಳೇ ವಯಸ್ಸಿಲ್ಲ, ಪಕ್ಕದ ದೇಶದಲ್ಲೇ ವರ್ಲ್ಡ್ ಕಪ್. 2006ರಲ್ಲಿ ಬೇಗ ವಾಪಸ್ ಬಂದು ಮತ್ತೆ ಬಿದ್ದ ನೆನಪು ಅವನಿಗೆ ಇದ್ದೇ ಇರತ್ತೆ ಅಂತ ನಾನು ಅಂದ್ಕೊಳ್ತೀನಿ.

ಮುಂದೆ ಆಗಿದ್ದು ಗೊತ್ತಲ್ಲ. ಗ್ರೀಸ್ 3-0, ಐವರಿ ಕೋಸ್ಟ್ 2-1, ಜಪಾನ್ 4-1, ಅದರಲ್ಲಿ ಜಾಕ್ಸನ್ ಮಾರ್ಟಿನೆಸ್‌ದೇ ಎರಡು. ಮರಕಾನಾದಲ್ಲಿ ಉರುಗ್ವೆ ಎದುರು ಹಾಮೆಸ್ ರೊಡ್ರಿಗೆಸ್ ಎದೆ ಮೇಲೆ ಬಾಲ್ ಇಳಿಸಿ ತಿರುಗಿ ವಾಲಿ ಹೊಡೆದ ಆ ಗೋಲು, ನಮ್ಮಲ್ಲಿ ಆಗ ರಾತ್ರಿ ಒಂದೂವರೆ ದಾಟಿ ಎರಡರ ಹತ್ತಿರ, ಎಚ್ಚರ ಇದ್ದೋರು ಯಾರೂ ಅದನ್ನ ಮರೆತಿಲ್ಲ. ಕೊಲಂಬಿಯಾ ಮೊದಲ ಸಲ ಕ್ವಾರ್ಟರ್ ಫೈನಲ್. ಹಾಮೆಸ್ 6 ಗೋಲ್, ಟಾಪ್ ಸ್ಕೋರರ್‌ಗೆ ಕೊಡೋ ಗೋಲ್ಡನ್ ಬೂಟ್. ಫಲ್ಕಾವೋ ಇದ್ದಾಗ ಟೀಮಿನ ಬಾಲ್ ಎಲ್ಲ ಕೊನೆಗೆ ಅವನ ಹತ್ರ ಸೇರ್ತಿತ್ತು, ಅವನಿಲ್ಲದಾಗ ತೆಯೋ ಮುಂದೆ ನಿಂತು ಡಿಫೆಂಡರ್‌ಗಳನ್ನ ಎಳೆದು ಜಾಗ ಮಾಡಿಕೊಟ್ಟ, ಆ ಜಾಗಕ್ಕೆ ಹಾಮೆಸ್ ಹಿಂದಿಂದ ಓಡಿ ಬಂದ, ಎರಡೂ ಬದಿಯಲ್ಲಿ ಕ್ವಾದ್ರಾದೋ ತರದೋರು. 22 ವರ್ಷದ ಹುಡುಗನ ಸುತ್ತ ಟೀಮು ತಿರುಗ್ತು.

ಫೋರ್ತಲೆಜಾದಲ್ಲಿ ಬ್ರೆಜಿಲ್ ಎದುರು 2-1 ಸೋತಾಗ "ಫಲ್ಕಾವೋ ಇದ್ದಿದ್ರೆ" ಅಂತ ಎಷ್ಟು ಜನ ಅಂದ್ರೋ. 80ನೇ ನಿಮಿಷ ಹಾಮೆಸ್ ಪೆನಾಲ್ಟಿ ಹಾಕಿದ ಮೇಲೆ ಕೊನೇ ಹತ್ತು ನಿಮಿಷ ಬಾಕ್ಸಿಗೆ ಬಾಲ್ ಬೀಳ್ತಾನೇ ಇತ್ತು, ಅಲ್ಲಿ ಅವನ ತಲೆ ಒಂದು ಬೇಕಿತ್ತು ಅನ್ಸೋದು ಸಹಜ. ಆದ್ರೆ ಬೇಕಿದ್ದದ್ದು 2012ರ ಫಲ್ಕಾವೋ. 2014ರ ಜುಲೈ 4ಕ್ಕೆ ಸಿಗ್ತಿದ್ದವನು ಸರ್ಜರಿ ಆಗಿ ಇಪ್ಪತ್ಮೂರು ವಾರ ಆದ ಫಲ್ಕಾವೋ, ಅದೂ ಐವತ್ತಕ್ಕೂ ಮೇಲೆ ಫೌಲ್ ಆದ ಮ್ಯಾಚಲ್ಲಿ. ನೇಮಾರ್ ಬೆನ್ನುಮೂಳೆ ಮುರಿದಿದ್ದು ಅದೇ ಮ್ಯಾಚಲ್ಲೇ.

ಸೆಪ್ಟೆಂಬರ್ 1

ಆಗಸ್ಟ್ ಶುರುವಲ್ಲೇ ಮೊನಾಕೋ ಪರ ಇಳಿದ, ಲಂಡನ್ನಿನ ಪ್ರೀಸೀಸನ್ ಟೂರ್ನಿಯಲ್ಲಿ ಆರ್ಸೆನಲ್ ಮೇಲೆ ಹೆಡರ್ ಗೋಲ್ ಕೂಡ ಹೊಡೆದ, ಲೀಗ್ ಶುರು ಆದ್ಮೇಲೂ ಎರಡು ಬಿತ್ತು. ಎಲ್ರೂ "ವಾಪಸ್ ಬಂದ" ಅಂದ್ರು. ಮೊನಾಕೋ ಕ್ಲಬ್ ಆ ಹೊತ್ತಿಗೆ ಖರ್ಚು ಇಳಿಸೋಕೆ ಹೊರಟಿತ್ತು, ಹಾಮೆಸ್‌ನ ರಿಯಲ್ ಮ್ಯಾಡ್ರಿಡ್‌ಗೆ ಮಾರಿ ಆಗಿತ್ತು. ಟ್ರಾನ್ಸ್‌ಫರ್ ವಿಂಡೋ ಮುಚ್ಚೋ ದಿನ, ಸೆಪ್ಟೆಂಬರ್ 1ಕ್ಕೆ, ಫಲ್ಕಾವೋ ಒಂದು ವರ್ಷದ ಲೋನ್ ಮೇಲೆ (ಕಾಂಟ್ರಾಕ್ಟ್ ಮೊನಾಕೋದ್ದೇ, ಆಡೋದು ಮಾತ್ರ ಬೇರೆ ಕ್ಲಬ್ಬಿಗೆ) ಮಾಂಚೆಸ್ಟರ್ ಯುನೈಟೆಡ್‌ಗೆ. ಸರ್ಜರಿ ಆಗಿ ಏಳು ತಿಂಗಳು ಒಂದು ವಾರ.

ಇಂಗ್ಲೆಂಡ್ ಲೀಗು ಅಂದ್ರೆ ವೇಗ, ಗುದ್ದಾಟ, ಡಿಸೆಂಬರ್ ಜನವರಿಯಲ್ಲೂ ಬಿಡುವಿಲ್ಲ. ವಾನ್ ಹಾಲ್ ಹೊಸ ಕೋಚು, ಟೀಮಿನ ಫಾರ್ಮೇಷನ್ನೇ ಇನ್ನೂ ನಿಂತಿಲ್ಲ, ಮೇಲಾಗಿ ವ್ಯಾನ್ ಪರ್ಸಿ, ರೂನಿ ಇಬ್ರೂ ಇದ್ದಾರೆ. ಅಕ್ಟೋಬರಲ್ಲಿ ಎವರ್ಟನ್ ಮೇಲೆ ಗೆಲುವಿನ ಗೋಲ್ ಹೊಡೆದಾಗ ಓಲ್ಡ್ ಟ್ರಾಫರ್ಡ್ ಕುಣಿದಾಡ್ತು. ಆದ್ರೆ ಸೀಸನ್ ಕೊನೆಗೆ 26 ಲೀಗ್ ಮ್ಯಾಚಲ್ಲಿ ಬರೀ 4 ಗೋಲ್. ಮಾರ್ಚಲ್ಲಿ ಅವನನ್ನ ಯುನೈಟೆಡ್‌ನ ಅಂಡರ್-21 ಟೀಮಿಗೆ ಆಡಿಸಿದ್ರು. ಎರಡೂವರೆ ವರ್ಷದ ಹಿಂದೆ ಚೆಲ್ಸಿಗೆ ಹ್ಯಾಟ್ರಿಕ್ ಹೊಡೆದವನು.

ಆ ಮ್ಯಾಚುಗಳನ್ನ ನೋಡಿದೋರಿಗೆ ಕಾಣ್ತಿತ್ತು, ಬುದ್ಧಿ ಎಲ್ಲೂ ಹೋಗಿರ್ಲಿಲ್ಲ. ಸರಿಯಾದ ಜಾಗ, ಸರಿಯಾದ ಓಟ, ಎಲ್ಲ ಅದೇ. ಆದ್ರೆ ಆ ಮೊದಲ ಎರಡು ಹೆಜ್ಜೆ ಆದ್ಮೇಲೆ ತಿರುಗೋದಿತ್ತಲ್ಲ, ಅದು ಅರ್ಧ ಸೆಕೆಂಡ್ ತಡ ಆಗ್ತಿತ್ತು, ಡಿಫೆಂಡರ್ ಬಂದು ನಿಂತಿರ್ತಿದ್ದ. ಎಗರೋದು ಕಮ್ಮಿ. ಒಂದಷ್ಟು ಸಲ ಹಂಗಾದ ಮೇಲೆ ಶಾಟ್ ಹೊಡೆಯೋ ಬದಲು ಪಾಸ್ ಮಾಡೋಕೆ ಶುರು ಮಾಡ್ದ, ಸ್ಟ್ರೈಕರ್‌ಗೆ ನಂಬಿಕೆ ಅಲುಗಾಡ್ತು ಅಂತ ತಿಳಿಯೋದು ಅಲ್ಲೇ. ಅವನಿಗೆ ಆಗ ಬೇಕಿದ್ದದ್ದು ಗೊತ್ತಿರೋ ಜಾಗ, ಗೊತ್ತಿರೋ ಫಿಸಿಯೋಗಳು, ವಾರಕ್ಕೊಂದು ಮ್ಯಾಚು, ಗೋಲ್ ಬರದಿದ್ರೂ ಯಾರೂ ದಿನಾ ಲೆಕ್ಕ ಕೇಳದ ಒಂದು ಸೀಸನ್. ಸಿಕ್ಕಿದ್ದು ಜಗತ್ತಿನ ಅತಿ ಹೆಚ್ಚು ಸಂಬಳದೋರಲ್ಲಿ ಒಬ್ಬ ಅನ್ನೋ ಹಣೆಪಟ್ಟಿ, ಪ್ರತಿ ಶನಿವಾರ "ಒಂದು ಗೋಲಿಗೆ ಎಷ್ಟು ಪೌಂಡ್" ಅನ್ನೋ ಲೆಕ್ಕಾಚಾರ.

ಅದಾದ್ಮೇಲೆ ಚೆಲ್ಸಿ, ಮತ್ತೆ ಲೋನ್, 10 ಲೀಗ್ ಮ್ಯಾಚು, 1 ಗೋಲ್. ಅಲ್ಲಿ ಸ್ನಾಯು ಗಾಯ ಆಗಿ ಸೀಸನ್ನಿನ ಬಹುಪಾಲು ಹೊರಗೇ ಕೂತ. ಮಂಡಿ ಸರ್ಜರಿ ಆದವರಿಗೆ ಹಿಂಗೆ ಬೇರೆ ಬೇರೆ ಸ್ನಾಯು ಗಾಯ ಆಗೋದು ಹೊಸದಲ್ಲ, ಒಂದು ಕಾಲನ್ನ ಮೈ ಕಾಪಾಡೋಕೆ ಹೋದಾಗ ಭಾರ ಬೇರೆ ಕಡೆ ಬೀಳತ್ತೆ. 2015ರ ಕೋಪಾ ಅಮೆರಿಕಾಗೆ ಕ್ಯಾಪ್ಟನ್ ಆಗಿ ಹೋದ, ಗೋಲ್ ಬರಲಿಲ್ಲ. 2016ರ ಬೇಸಿಗೆಗೆ ಇಂಗ್ಲಿಷ್ ಪೇಪರುಗಳ ಪ್ರಕಾರ ಅವನ ಕಥೆ ಮುಗಿದಿತ್ತು. 30 ವರ್ಷ.

ಮೊನಾಕೋಗೆ ವಾಪಸ್

ಯಾರೂ ಬೇಡ ಅಂದಾಗ ವಾಪಸ್ ಹೋಗಿದ್ದು ಮೊನಾಕೋಗೇ, ಕಾಂಟ್ರಾಕ್ಟ್ ಇನ್ನೂ ಇತ್ತು. ಕೋಚ್ ಲಿಯೋನಾರ್ಡೋ ಜಾರ್ಡಿಮ್ ಅವನಿಗೆ ಕ್ಯಾಪ್ಟನ್ ಪಟ್ಟಿ ಕೊಟ್ರು. ಸುತ್ತ ಹುಡುಗರು, ಬರ್ನಾರ್ಡೋ ಸಿಲ್ವಾ, ಲೆಮಾರ್, ಫಬಿನ್ಯೋ, ಆಮೇಲೆ 18 ವರ್ಷದ ಎಂಬಾಪೆ. ಓಡೋ ಕೆಲಸ ಹುಡುಗರದು, ಬಾಕ್ಸ್ ಒಳಗೆ ಮುಗಿಸೋ ಕೆಲಸ ಇವನದು. ಎಂಬಾಪೆ ವೇಗಕ್ಕೆ ಹೆದರಿ ಡಿಫೆನ್ಸ್ ಹಿಂದೆ ಸರಿದ್ರೆ ಫಲ್ಕಾವೋಗೆ ಜಾಗ, ಫಲ್ಕಾವೋ ಮೇಲೆ ಇಬ್ರು ಬಿದ್ರೆ ಎಂಬಾಪೆಗೆ ಜಾಗ. ಆಟವನ್ನೂ ಬದಲಾಯಿಸಿಕೊಂಡ, ಮೊದಲಿನ ಹಾಗೆ ಅರ್ಧ ಗ್ರೌಂಡಿಂದ ಬಾಲ್ ಹಿಡಿದು ಓಡೋದಿಲ್ಲ, ಕಮ್ಮಿ ಟಚ್, ಕಮ್ಮಿ ಓಟ, ಓಡಿದ್ರೆ ಸರಿಯಾದ ಕ್ಷಣಕ್ಕೆ.

2017ರ ಫೆಬ್ರವರಿ 21, ಮಾಂಚೆಸ್ಟರ್, ಚಾಂಪಿಯನ್ಸ್ ಲೀಗಲ್ಲಿ ಸಿಟಿ ಎದುರು. ಅದೇ ಊರು, ಎರಡು ವರ್ಷ ಹಿಂದೆ ಅಂಡರ್-21 ಆಡಿದ ಊರು. ಮೊದಲ ಹಾಫಲ್ಲಿ ಡೈವ್ ಮಾಡಿ ಹೆಡರ್ ಗೋಲು. ಎರಡನೇ ಹಾಫಲ್ಲಿ ಪೆನಾಲ್ಟಿ ಸಿಕ್ತು, ಹೊಡೆದದ್ದು ಕೀಪರ್ ಕೈಗೆ. ಹಿಂದಿನ ಎರಡು ವರ್ಷ ಹಿಂಗಾಗಿದ್ರೆ ತಲೆ ತಗ್ಗಿಸಿಬಿಡ್ತಿದ್ದ ಅನ್ಸತ್ತೆ. ಇಲ್ಲಿ ಸುಮಾರು ಹತ್ತು ನಿಮಿಷಕ್ಕೆ ಸ್ಟೋನ್ಸ್‌ನ ತಳ್ಳಿಕೊಂಡು ನುಗ್ಗಿ, ಮುಂದೆ ಬಂದ ಕೀಪರ್ ಕಬಯ್ಯೆರೋ ತಲೆ ಮೇಲಿಂದ ಬಾಲನ್ನ ಮೆಲ್ಲಗೆ ಎತ್ತಿ ಹಾಕಿದ. ಆ ಚಿಪ್ ಮಾಡೋಕೆ ಫುಲ್ ವೇಗದಲ್ಲಿ ಓಡ್ತಾ ಓಡ್ತಾ ಎಡಗಾಲ ಮೇಲೆ ಪೂರ್ತಿ ಭಾರ ಹಾಕಿ ಬಲಗಾಲಲ್ಲಿ ಬಾಲನ್ನ ಕೆಳಗಿಂದ ಕೆತ್ತಬೇಕು. ಎಡಗಾಲು, ಅದೇ ಮಂಡಿ. ಮೊನಾಕೋ ಆ ರಾತ್ರಿ 5-3 ಸೋತ್ರೂ ಮನೆಯಲ್ಲಿ 3-1 ಗೆದ್ದು ಎರಡೂ ಮ್ಯಾಚು ಸೇರಿ 6-6 ಸಮ ಆಯ್ತು, ಅವೇ ಗೋಲ್ (ಎದುರಾಳಿ ಊರಲ್ಲಿ ಹೊಡೆದ ಗೋಲ್) ಲೆಕ್ಕದ ಮೇಲೆ ಮುಂದೆ ಹೋಯ್ತು, ಸೆಮಿಫೈನಲ್‌ವರೆಗೆ. ಫ್ರೆಂಚ್ ಲೀಗನ್ನೂ ಗೆದ್ದರು, 2000 ಆದ್ಮೇಲೆ ಮೊದಲ ಸಲ, ಪಿಎಸ್‌ಜಿನ ಹಿಂದೆ ಹಾಕಿ. ಫಲ್ಕಾವೋ ಲೀಗಲ್ಲಿ 21, ಒಟ್ಟು 30 ಗೋಲ್.

ಲಿಯೋನ್‌ನಲ್ಲಿ ಬಿದ್ದ ದಿನದಿಂದ ಈ ಸೀಸನ್ ಶುರುವಾಗೋವರೆಗೆ ಎರಡೂವರೆ ವರ್ಷ. "ಆರು ತಿಂಗಳು" ಅಂದಿದ್ರು.

2018ರ ವರ್ಲ್ಡ್ ಕಪ್, ರಷ್ಯಾ. 32 ವರ್ಷ, ಕ್ಯಾಪ್ಟನ್, ಕೋಚ್ ಅದೇ ಪೆಕರ್ಮನ್. ಮೊದಲ ಮ್ಯಾಚಲ್ಲಿ ಮೂರನೇ ನಿಮಿಷಕ್ಕೇ ಕಾರ್ಲೋಸ್ ಸ್ಯಾಂಚೆಸ್‌ಗೆ ರೆಡ್ ಕಾರ್ಡ್, ಜಪಾನ್ ಎದುರು 2-1 ಸೋಲು. ಎರಡನೇದು ಜೂನ್ 24ಕ್ಕೆ ಕಜಾನ್‌ನಲ್ಲಿ ಪೋಲೆಂಡ್ ಎದುರು, ಸೋತ್ರೆ ಮನೆ. 70ನೇ ನಿಮಿಷ ಕಿಂಟೆರೋ ಡಿಫೆನ್ಸ್ ಮಧ್ಯೆ ಸೀಳಿ ಕೊಟ್ಟ ಬಾಲು, ಫಲ್ಕಾವೋ ಓಡಿ ಬಂದು ಬಲಗಾಲ ಹೊರಮೈಯಲ್ಲಿ ಕೀಪರ್ ಪಕ್ಕದಿಂದ ಸವರಿ ಒಳಗೆ ಹಾಕ್ದ. ವರ್ಲ್ಡ್ ಕಪ್ಪಲ್ಲಿ ಅವನ ಮೊದಲ ಗೋಲು. ಟೀಮೆಲ್ಲ ಅವನ ಮೇಲೆ ಬಿದ್ರು, ಹಾಮೆಸ್ ಮುಖ ನೋಡಬೇಕಿತ್ತು. ಕೊಲಂಬಿಯಾ 3-0. ಪ್ರೀಕ್ವಾರ್ಟರ್‌ನಲ್ಲಿ ಇಂಗ್ಲೆಂಡ್ ಎದುರು ಪೆನಾಲ್ಟಿ ಶೂಟೌಟಿಗೆ ಹೋದಾಗ ಮೊದಲ ಕಿಕ್ ತಗೊಂಡಿದ್ದು ಇವನೇ, ನೆಟ್ ಮಧ್ಯಕ್ಕೆ ಹಾಕ್ದ, ಆದ್ರೆ ಕೊನೆಗೆ ಟೀಮು 4-3 ಸೋತು ಹೊರಗೆ ಬಂತು.

ಆಮೇಲೆ ಗಲತಾಸರಾಯ್, ಆಮೇಲೆ 35ನೇ ವಯಸ್ಸಲ್ಲಿ ಮ್ಯಾಡ್ರಿಡ್ಡಿನ ಕೆಲಸಗಾರರ ಬಡಾವಣೆಯ ಕ್ಲಬ್ ರಾಯೋ ವಯ್ಯೇಕಾನೋ, ಅಲ್ಲಿ 2021ರ ಅಕ್ಟೋಬರಲ್ಲಿ ಬಾರ್ಸಿಲೋನಾ ಮೇಲೆ ಒಂದೇ ಗೋಲಿನ ಗೆಲುವು, ಗೋಲ್ ಇವನದು, ಅದೇ ರಾತ್ರಿ ಬಾರ್ಸಾ ಕೋಚ್ ಕೂಮನ್ ಕೆಲಸ ಹೋಯ್ತು. 2024ರಲ್ಲಿ ಊರಿಗೆ ವಾಪಸ್, ಬೊಗೊಟಾದ ಮಿಯೊನಾರಿಯೋಸ್, ಚಿಕ್ಕಂದಿನಿಂದ ಅವನು ಪ್ರೀತಿಸ್ತಿದ್ದ ಕ್ಲಬ್ಬು. ದೇಶದ ಪರ 36 ಗೋಲ್ ಹೊಡೆದು ಕೊಲಂಬಿಯಾದ ದಾಖಲೆ ಅವನದೇ, ಅದಕ್ಕೂ ಮುಂಚೆ ಇದ್ದದ್ದು ಇಗ್ವಾರಾನ್ ಅವರ 25. ಆ 36ರಲ್ಲಿ ಹತ್ತಕ್ಕೂ ಮೇಲೆ ಬಂದಿದ್ದು ಆ ಸರ್ಜರಿ ಆದ್ಮೇಲೆ, ಅದೇ ಎಡ ಮಂಡಿ ಇಟ್ಕೊಂಡೇ.